ಮಗಳ ಕೈಯಿಂದ ಆ ಪುಸ್ತಕಗಳನ್ನು ಕಸಿದುಕೊಳ್ಳಬೇಡಿ

ಹದಿಮೂರು ವರ್ಷದ ಮಗಳು ಮಾಟಮಂತ್ರದ, ಅಂತರಿಕ್ಷದ ಕಾದಂಬರಿಗಳನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ, ಮನೆಮಂದಿಯಿಂದಲೂ ಕನ್ನಡದಿಂದಲೂ ದೂರವಾಗುತ್ತಿದ್ದಾಳೆ ಎಂದು ಊರು ಬಿಟ್ಟು ಬಂದ ಕನ್ನಡಿಗ ಪೋಷಕರ ನಮ್ಮ ಗುಂಪಿನ ಒಬ್ಬ ತಾಯಿ ನೊಂದು ಬರೆದಿದ್ದಾರೆ. ಆ ಓದನ್ನು ನಿಲ್ಲಿಸಿ ಎಂದು ಹಲವರು ಸಲಹೆ ಕೊಟ್ಟಿದ್ದೀರಿ. ನನಗೆ ಅದು ಸರಿಯೆನಿಸುವುದಿಲ್ಲ. ಚಂದಮಾಮದ ಬೇತಾಳನನ್ನು ಓದಿ, ಯಕ್ಷಗಾನದ ರಾಕ್ಷಸರನ್ನು ಬೆಳಗಿನವರೆಗೆ ನೋಡಿ ಬೆಳೆದವರು ನಾವು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಇತ್ತೀಚೆಗೆ ದೊಡ್ಡ ಪ್ರಶಸ್ತಿಗಳನ್ನು ಪಡೆದ ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿ ಕೃತಿಗಳಲ್ಲಿ ಹಲವು ನಾವಿಲ್ಲಿ ಸದಾ ಚರ್ಚಿಸುವ ಸಂಗತಿಯನ್ನೇ ಹೇಳುತ್ತವೆ. ಮನೆ ಬಿಟ್ಟು ಬಂದವರು ಏನನ್ನು ಉಳಿಸಿಕೊಳ್ಳುತ್ತಾರೆ, ಅವರ ಮಕ್ಕಳಿಗೆ ಅದರಲ್ಲಿ ಏನು ದಕ್ಕುತ್ತದೆ ಎಂಬುದೇ ಅವುಗಳ ಕಥೆ.

ಆ ಹುಡುಗಿಗೆ ನಾನು ಮೊದಲು ಕೊಡುವುದು ನೆಡಿ ಒಕೊರಾಫೋರ್ ಅವರ ‘ಬಿಂಟಿ’. 2015ರಲ್ಲಿ ಬಂದ, ಈ ಬಗೆಯ ಬರಹದ ದೊಡ್ಡ ಪ್ರಶಸ್ತಿಗಳಾದ ಹ್ಯೂಗೊ ಮತ್ತು ನೆಬ್ಯುಲಾ ಎರಡನ್ನೂ ಪಡೆದ ಕಿರುಕಾದಂಬರಿ ಇದು; ನೂರು ಪುಟದ ಆಸುಪಾಸಿನಲ್ಲಿದೆ. ಬಿಂಟಿ ಆಫ್ರಿಕಾದ ಹಿಂಬಾ ಜನಾಂಗದ ಹದಿನಾರರ ಹುಡುಗಿ, ಗಣಿತದಲ್ಲಿ ಅಸಾಧಾರಣ ಪ್ರತಿಭೆ. ಬೇರೊಂದು ಗ್ರಹದ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಸೀಟು ಸಿಕ್ಕಿದೆ. ಅವರ ಪೈಕಿ ಯಾರೂ ಅಷ್ಟು ದೂರ ಹೋದವರಲ್ಲ. ಮನೆಯವರು ಒಪ್ಪುವುದಿಲ್ಲವೆಂದು ತಿಳಿದು ಯಾರಿಗೂ ಹೇಳದೆ ಹೊರಟುಬಿಡುತ್ತಾಳೆ. ಹಿಂಬಾ ಹೆಂಗಸರು ಮೈಗೂ ಕೂದಲಿಗೂ ಹಚ್ಚಿಕೊಳ್ಳುವ ಕೆಂಪು ಮಣ್ಣಿನ ಲೇಪ ಅವಳ ಜೊತೆಗಿರುತ್ತದೆ. ಬೇರೆಯವರು ಅದನ್ನು ಕಂಡು ಮೂಗು ಮುರಿಯುತ್ತಾರೆ, ಕೊನೆಗೆ ಅವಳ ಜೀವ ಉಳಿಯುವುದರಲ್ಲೂ ಅದರ ಪಾಲಿದೆ. ತಂದ ಲೇಪ ಮುಗಿಯುತ್ತ ಬಂದಾಗ ಹೊಸ ಗ್ರಹದ ಮಣ್ಣಿನಿಂದಲೇ ಮತ್ತೆ ತಯಾರಿಸಲು ಅವಳು ಕೂರುವ ಭಾಗವಿದೆಯಲ್ಲ, ಅದನ್ನು ನಮ್ಮಲ್ಲಿ ಪ್ರತಿಯೊಬ್ಬ ತಂದೆತಾಯಿಯೂ ಓದಬೇಕು. ಊರಿನಿಂದ ಬಂದದ್ದು ಮಾತ್ರ ನಮ್ಮದು, ಇಲ್ಲಿ ಕಲಸಿ ಮಾಡಿಕೊಂಡದ್ದು ನಕಲಿ ಎಂದು ಮಕ್ಕಳಿಗೆ ಹೇಳುತ್ತ ಬಂದಿದ್ದೇವಲ್ಲವೇ? ಬಿಂಟಿ ಹಾಗೆ ತಿಳಿಯುವುದಿಲ್ಲ. ಆರಂಭದಲ್ಲೇ, ಅವಳು ಹೊರಟ ಅಂತರಿಕ್ಷದ ಹಡಗಿನಲ್ಲಿ ಒಂದು ಹತ್ಯಾಕಾಂಡ ನಡೆಯುತ್ತದೆ. ಹದಿಮೂರರ ಮಗುವಾದರೆ ನೀವೂ ಜೊತೆಯಲ್ಲಿ ಓದಿ.

ಇನ್ನೂ ಚಿಕ್ಕವರಿಗೆ, ಒಂಬತ್ತು ಹತ್ತರ ವಯಸ್ಸಿನವರಿಗೆ, ರೋಶನಿ ಚೋಕ್ಷಿ ಅವರ ‘ಆರು ಶಾ’ ಸರಣಿ ಇದೆ. 2018ರಲ್ಲಿ ಶುರುವಾದ ಈ ಸರಣಿಯಲ್ಲಿ ಅಮೆರಿಕದ ಅಟ್ಲಾಂಟಾದ ಆರು ಎಂಬ ಹುಡುಗಿ ಪಾಂಡವರ ಕಥೆಯೊಳಗೆ ಸಿಕ್ಕಿಕೊಳ್ಳುತ್ತಾಳೆ. ಮಕ್ಕಳು ತಾವಾಗಿಯೇ ಭೀಮ, ಅರ್ಜುನರ ಬಗ್ಗೆ ಕೇಳತೊಡಗುತ್ತಾರೆ.

ದೊಡ್ಡವರಿಗಾದರೆ ಕೆನ್ ಲಿಯು ಅವರ ‘ದಿ ಪೇಪರ್ ಮೆನಾಜರಿ’ಯನ್ನು ಯಾವ ಕಾದಂಬರಿಗಿಂತಲೂ ಮೊದಲು ಓದಿಸುತ್ತೇನೆ. ಅದು ಸಣ್ಣಕಥೆ, 2011ರದು. ಹ್ಯೂಗೊ, ನೆಬ್ಯುಲಾ, ವರ್ಲ್ಡ್ ಫ್ಯಾಂಟಸಿ ಮೂರೂ ಪ್ರಶಸ್ತಿಗಳು ಒಂದೇ ಕೃತಿಗೆ ಸಂದದ್ದು ಅದೇ ಮೊದಲು. ಲಿಯು ಹನ್ನೊಂದರ ವಯಸ್ಸಿನಲ್ಲಿ ಚೀನಾದಿಂದ ಅಮೆರಿಕಕ್ಕೆ ಬಂದವರು. ಕಥೆಯ ತಾಯಿ ಕಾಗದ ಮಡಚಿ ಹುಲಿ ಮಾಡಿ ಉಸಿರೂದಿದರೆ ಅದು ಜೀವ ತಳೆದು ಓಡಾಡುತ್ತದೆ. ಬೆಳೆಯುತ್ತ ಮಗನಿಗೆ ಅವಳ ಭಾಷೆಯ ಬಗ್ಗೆ ನಾಚಿಕೆ ಹುಟ್ಟುತ್ತದೆ, ಇಂಗ್ಲಿಷಿನಲ್ಲೇ ಮಾತನಾಡು ಎಂದು ಹಟ ಹಿಡಿಯುತ್ತಾನೆ. ತಾಯಿ ಬಿಟ್ಟುಹೋದ ಪತ್ರವನ್ನು ಅವನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗುತ್ತದೆ. ಕನ್ನಡ ಕಲಿ ಎಂದು ನಾವು ಮಕ್ಕಳಿಗೆ ಮಾಡುವ ಉಪದೇಶಗಳನ್ನೆಲ್ಲ ಸೇರಿಸಿದರೂ ಈ ಕೆಲವೇ ಪುಟಗಳ ಬಲ ಬಾರದು.

ಆರ್ಕಡಿ ಮಾರ್ಟಿನ್ ಅವರ ‘ಎ ಮೆಮೊರಿ ಕಾಲ್ಡ್ ಎಂಪೈರ್’ (2019, ಮರುವರ್ಷದ ಹ್ಯೂಗೊ) ನಮಗಾಗಿ, ಅಂದರೆ ವಲಸೆ ಬಂದ ತಲೆಮಾರಿಗಾಗಿ. ಸಣ್ಣ ಅಂತರಿಕ್ಷ ನಿಲ್ದಾಣವೊಂದರ ರಾಯಭಾರಿಯಾಗಿ ಮಾಹಿತ್ ಮಹಾಸಾಮ್ರಾಜ್ಯದ ರಾಜಧಾನಿಗೆ ಬರುತ್ತಾಳೆ. ಆ ಸಾಮ್ರಾಜ್ಯದ ಕಾವ್ಯವೆಂದರೆ ಬಾಲ್ಯದಿಂದಲೂ ಅವಳಿಗೆ ಪ್ರಾಣ. ಆದರೂ ಅಲ್ಲಿಯವರ ಕಣ್ಣಿಗೆ ಅವಳು ಹೊರಗಿನವಳೇ. ತನ್ನ ನಿಲ್ದಾಣವನ್ನು ನುಂಗಲು ಹೊರಟ ಸಂಸ್ಕೃತಿಯನ್ನೇ ಅವಳು ಪ್ರೀತಿಸುತ್ತಾಳೆ, ಆ ಪ್ರೀತಿಯೂ ಸುಳ್ಳಲ್ಲ. ರಾಜಕೀಯದ ಸಿಕ್ಕುಗಳಿಂದ ಮೊದಲ ಭಾಗ ನಿಧಾನವೆನಿಸಬಹುದು; ತಾಳ್ಮೆಯಿರಲಿ.

ಬೆಂಗಳೂರಿನವರು ಲಾವಣ್ಯ ಲಕ್ಷ್ಮಿನಾರಾಯಣ್ ಅವರ ‘ದಿ ಟೆನ್ ಪರ್ಸೆಂಟ್ ಥೀಫ್’ ಅನ್ನು ಬಿಡಬಾರದು. 2024ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದ ಕೃತಿ. ಅದರಲ್ಲಿ ಬೆಂಗಳೂರು ತನ್ನ ಹೆಸರು ಕಳೆದುಕೊಂಡು ಅಪೆಕ್ಸ್ ಸಿಟಿಯಾಗಿದೆ. ಯಾರ ಉತ್ಪಾದಕತೆ ಎಷ್ಟು, ಯಾರ ಅಭಿಪ್ರಾಯ ಸರಿಯಾದದ್ದು ಎಂಬುದನ್ನು ನಗರವನ್ನು ನಡೆಸುವ ಕಂಪನಿ ಅಳೆಯುತ್ತದೆ. ಮೇಲಿನ ಶೇ 20 ಮಂದಿಗೆ ಎಲ್ಲ ಸುಖ. ಕೆಳಗಿನ ಶೇ 10ಕ್ಕೆ ಜಾರಿದವರು ವಿದ್ಯುತ್ತು, ನಲ್ಲಿ ನೀರು ಇಲ್ಲದ ಕಡೆಗೆ ಗಡೀಪಾರು. ರ‍್ಯಾಂಕಿನ ಭಯದಲ್ಲಿ ಓದಿ, ಅದೇ ಭಯವನ್ನು ಇಲ್ಲಿಗೂ ಹೊತ್ತು ತಂದು ಮಕ್ಕಳ ಮೇಲೆ ಹೇರುತ್ತಿರುವವರಿಗೆ ಇದು ನೇರವಾಗಿ ತಾಗುತ್ತದೆ, ತಾಗಬೇಕು ಕೂಡ.

ಎನ್. ಕೆ. ಜೆಮಿಸಿನ್ ಅವರ ‘ದಿ ಫಿಫ್ತ್ ಸೀಸನ್’ ಬಗ್ಗೆ ಒಂದು ಎಚ್ಚರಿಕೆ. ಅದೂ ಅದರ ಮುಂದಿನ ಎರಡು ಸಂಪುಟಗಳೂ 2016ರಿಂದ 2018ರವರೆಗೆ ಸತತ ಮೂರು ವರ್ಷ ಅತ್ಯುತ್ತಮ ಕಾದಂಬರಿಯ ಹ್ಯೂಗೊ ಗೆದ್ದಿವೆ. ಅಂಥ ಸಾಧನೆ ಮೊದಲು ಯಾರದೂ ಇರಲಿಲ್ಲ. ನಾನು ಓದಿದ ತಾಯಿ-ಮಗಳ ಕಥೆಗಳಲ್ಲಿ ಇಷ್ಟು ತೀವ್ರವಾದದ್ದು ಇನ್ನೊಂದಿಲ್ಲ. ಆದರೆ ತಂದೆಯೇ ಪುಟ್ಟ ಮಗನನ್ನು ಕೊಂದ ಸಂಗತಿಯಿಂದ ಕಥೆ ಆರಂಭವಾಗುತ್ತದೆ. ಪ್ರಶಸ್ತಿ ನೋಡಿ ಹದಿಮೂರರ ಮಗುವಿಗೆ ಕೊಂಡುಕೊಡಬೇಡಿ.

ಇನ್ನು ಕನ್ನಡದ ಮಾತು. ಅಜ್ಜಿಯೊಂದಿಗೆ ಫೋನಿನಲ್ಲಿ ಮಕ್ಕಳು ‘ಊಟ ಆಯಿತು, ಶಾಲೆ ಚೆನ್ನಾಗಿದೆ’ ಎಂಬುದರಾಚೆ ಹೋಗದಿರಲು ಕನ್ನಡ ಬಾರದಿರುವುದೊಂದೇ ಕಾರಣವಲ್ಲ. ಹೇಳಲೇಬೇಕೆಂಬ ಆಸೆ ಹುಟ್ಟಿಸುವ ವಿಷಯ ಅವರ ಬಳಿ ಇರುವುದಿಲ್ಲ. ಬಿಂಟಿಯ ಹಡಗಿನಲ್ಲಿ ಏನಾಯಿತೆಂದು ಅಜ್ಜಿಗೆ ವಾರಕ್ಕಿಷ್ಟು ಹೇಳಲಿ. ಮಾತು ತಡವರಿಸಿದರೂ ನಡುವೆ ತಿದ್ದಬೇಡಿ, ಮುಂದೇನಾಯಿತು ಎಂದು ಅಜ್ಜಿಯೇ ಕೇಳಲಿ. ನಮ್ಮ ಕನ್ನಡ ಶಾಲೆಯ ದೊಡ್ಡ ಮಕ್ಕಳ ತರಗತಿಯಲ್ಲೂ ಇದನ್ನು ಮಾಡೋಣ. ಪುಸ್ತಕ ಇಂಗ್ಲಿಷಿನದಿರಲಿ, ಚರ್ಚೆ ಕನ್ನಡದಲ್ಲಿ ನಡೆಯಲಿ. ‘ಬಿಂಟಿ’ಯಿಂದಲೇ ಶುರುಮಾಡಬಹುದು, ನಡೆಸಿಕೊಡಲು ನಾನು ಸಿದ್ಧ. ಜೊತೆಗೆ ಇನ್ನಿಬ್ಬರು ಪೋಷಕರು ಬೇಕು, ಆಸಕ್ತಿಯಿದ್ದವರು ದಯವಿಟ್ಟು ಇಲ್ಲೇ ತಿಳಿಸಿ.