ಸಹಾಯ ಬೇಕು: ಕಾಕ್ಲಿಯರ್ ಇಂಪ್ಲಾಂಟ್‌ಗೆ ಹೊಸ ಮ್ಯಾಪ್ (ಸದ್ದಿನ ಸೆಟ್ಟಿಂಗ್) ಹಾಕಿದಾಗಿಂದ ಮಗಳು ತಲೆಗೆ ಅಂಟೋ ಕಾಯಿಲ್ ಕಿತ್ತು ಹಾಕ್ತಿದ್ದಾಳೆ

ಮಗಳಿಗೆ 2 ವರ್ಷ. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ಹಾಕೋ ಕೇಳಿಸೋ ಸಾಧನ) ಸ್ವಿಚ್ ಆನ್ ಆಗಿ 3 ತಿಂಗಳು. ಕಳೆದ ಮ್ಯಾಪಿಂಗ್‌ನಲ್ಲಿ ಒಂದಕ್ಕಿಂತ ಒಂದು ಜೋರಾದ 4 ಪ್ರೋಗ್ರಾಂ ಹಾಕಿಕೊಟ್ಟು, ಒಂದೊಂದೇ ಏರಿಸಿ ಅಂದ್ರು. 2ರ ತನಕ ಆರಾಮಾಗಿದ್ಲು. 3ಕ್ಕೆ ಹೋದ ದಿನದಿಂದ ಪಾತ್ರೆ ಬಿದ್ರೆ ಸಾಕು, ಕಣ್ಣು ಪಟಪಟ ಮಿಟುಕಿಸಿ ಕಾಯಿಲ್ ಕಿತ್ತು ನನ್ನ ಕೈಗೇ ಕೊಡ್ತಾಳೆ! ಬ್ಯಾಟರಿ, ಕೇಬಲ್ ಬದಲಾಯಿಸಿದ್ದಾಯ್ತು. ಮ್ಯಾಗ್ನೆಟ್ ಕೂರೋ ಕಡೆ ಚರ್ಮ ಕೆಂಪಾಗಿಲ್ಲ.

ದಿನಾ ಬೆಳಿಗ್ಗೆ ಲಿಂಗ್ ಆರು ಸದ್ದು (ಆ, ಈ, ಊ, ಮ್, ಶ್, ಸ್ ಅಂದು ಕೇಳಿಸುತ್ತಾ ಅಂತ ನೋಡೋ ಪರೀಕ್ಷೆ) ಮಾಡಿ ನೋಡ್ತೀನಿ. ತಲೆ ಕೆಟ್ಟಿರೋದು ಇಲ್ಲೇ: 2ರಲ್ಲಿ 'ಸ್' ಅಂದ್ರೆ ತಿರುಗೋದೇ ಇಲ್ಲ, 3ರಲ್ಲಿ ತಿರುಗ್ತಾಳೆ. ಇಳಿಸಿದ್ರೆ 'ಸ್' ಹೋಗುತ್ತೆ, ಹಾಗೇ ಬಿಟ್ರೆ ಮಷೀನ್ ಕಂಡ್ರೇ ಆಗದ ಹಾಗಾದೀತು ಅಂತ ಭಯ.

ಮ್ಯಾಪ್ ಹಾಕೋ ಆಡಿಯಾಲಜಿಸ್ಟ್ ಸಿಗೋದು ಇನ್ನು 12 ದಿನಕ್ಕೆ. ಅಲ್ಲಿವರೆಗೆ 2ಕ್ಕೆ ಇಳಿಸಲಾ, ಇಲ್ಲಾ 3ರಲ್ಲೇ ಇಟ್ಟು ವಾಲ್ಯೂಮ್ ಮಾತ್ರ ತಗ್ಗಿಸಲಾ? ಹೀಗಾದವರು ಏನು ಮಾಡಿದ್ರಿ?