ಸಹಾಯ ಬೇಕು: 1972ರ ಫಿಯೆಟ್ 1100ಡಿ, ಬ್ರೇಕ್ ಸಿಲಿಂಡರ್‌ಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ ಹಳೆಯ ಫಿಯೆಟ್ ಕಾರನ್ನು ಮೈಸೂರಿನಲ್ಲಿ ಮತ್ತೆ ರಸ್ತೆಗಿಳಿಸುವ ಕೆಲಸ ನಡೆದಿದೆ. ಎಂಜಿನ್ ಮುಗಿದಿದೆ. ಬಣ್ಣ ಆಮೇಲೆ, ನಿಲ್ಲದ ಕಾರಿಗೆ ಸಿಂಗಾರ ಏತಕ್ಕೆ?

ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಪೆಡಲ್ ಒತ್ತಿ ಹಿಡಿದರೆ ಮೊದಲು ಗಟ್ಟಿ, ಬಳಿಕ ಮೆಲ್ಲಗೆ ಕೆಳಗಿಳಿಯುತ್ತದೆ. ಹಿಂದಿನ ಎಡ ಡ್ರಮ್ ಬಿಚ್ಚಿದರೆ, ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್‌ನ ರಬ್ಬರ್ ಬೂಟಿನೊಳಗೆ ತುಕ್ಕು ಬೆರೆತ ಕಂದು ಆಯಿಲ್, ಶೂಗಳ ಲೈನಿಂಗ್ ಪೂರ್ತಿ ಒದ್ದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ, ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇದು ಸಹಜವೇ. ಹೊಸ ಲೈನಿಂಗ್, ಹೊಸ ಹೋಸ್ ಹಾಕಿಸುತ್ತೇನೆ. ಅದರಲ್ಲಿ ಗೊಂದಲವಿಲ್ಲ.

ಗೊಂದಲವಿರುವುದು ಸಿಲಿಂಡರ್‌ಗಳಲ್ಲಿ. ಒಳಗೋಡೆಯಲ್ಲಿ ಉಗುರಿಗೆ ತಾಗುವಷ್ಟು ಗುಳಿಗಳಿವೆ. ಉಜ್ಜಿ ನಯ ಮಾಡಿ ಹೊಸ ಸೀಲ್ ಕಿಟ್ ಹಾಕಿದರೆ ಸಾಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ನನಗೆ ಧೈರ್ಯವಿಲ್ಲ. ಇದು ಒಂದೇ ಸರ್ಕ್ಯೂಟಿನ ಬ್ರೇಕ್. ಒಂದು ಕಡೆ ಸೋರಿದರೆ ನಾಲ್ಕೂ ಕೈಕೊಡುತ್ತವೆ. ಚಾಮುಂಡಿ ಬೆಟ್ಟ ಇಳಿಯುವಾಗ ಹ್ಯಾಂಡ್ ಬ್ರೇಕ್ ಒಂದನ್ನೇ ನೆಚ್ಚಿಕೊಳ್ಳಲಾಗದು.

ಹಳೆಯ ಸಿಲಿಂಡರ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ (ಒಳಗೋಡೆಗೆ ಕೂರಿಸುವ ತೆಳು ಕೊಳವೆ) ಹಾಕಿಕೊಡುವ ಲೇತ್ ಕೆಲಸದವರು ಮೈಸೂರು ಅಥವಾ ಬೆಂಗಳೂರಿನಲ್ಲಿ ಯಾರಾದರೂ ಇದ್ದಾರೆಯೇ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪದ್ಮಿನಿಯ (1100ಡಿಯ ನಂತರ ಬಂದ ಅದೇ ಬಳಗದ ಕಾರು) ಸಿಲಿಂಡರ್ ಕೊಂಡು 1100ಡಿಗೆ ಕೂರಿಸಿದವರು ಅಳತೆ ಸರಿಹೋಯಿತೇ ತಿಳಿಸಿ. ಪೆಡಲ್ ಇಳಿಯುತ್ತಿರುವುದರಿಂದ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರನ್ನೂ ಜೊತೆಗೇ ಬದಲಿಸಬೇಕೆಂದಿದ್ದೇನೆ. ಅದು ಎಲ್ಲಿ ಸಿಗುತ್ತದೆ ಎಂಬುದನ್ನೂ ಹೇಳಿ. ಡಿಸ್ಕ್ ಬ್ರೇಕ್ ಹಾಕಿಸು ಎಂಬ ಸಲಹೆ ಮಾತ್ರ ದಯವಿಟ್ಟು ಬೇಡ.