ಕಡಿಮೆ ಖರ್ಚಿನ ಒಂದು ಭಯಾನಕ ಚಿತ್ರ ಇಷ್ಟು ಕಾಲ ಉಳಿದದ್ದು ಹೇಗೆ?

ಪ್ರಶ್ನೆ (ಬದಿಯಡ್ಕ):
ನಮ್ಮೂರಿನ ವಾಚನಾಲಯದಲ್ಲಿ ಕಳೆದ ಶನಿವಾರ ಜಾರ್ಜ್ ರೊಮೆರೊ ನಿರ್ದೇಶಿಸಿದ 1968ರ ಕಪ್ಪುಬಿಳುಪು ಚಿತ್ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ತೋರಿಸಿದೆವು. ತಗಡಿನ ಮಾಡಿನ ಮೇಲೆ ಮಳೆ ಸುರಿದು ಅರ್ಧ ಸಂಭಾಷಣೆ ಕೇಳಿಸದಿದ್ದರೂ ಯಾರೂ ಎದ್ದು ಹೋಗಲಿಲ್ಲ. ಪಿಟ್ಸ್‌ಬರ್ಗಿನಲ್ಲಿ ಜಾಹೀರಾತು ಚಿತ್ರ ಮಾಡುತ್ತಿದ್ದವರು ಸುಮಾರು 1,14,000 ಡಾಲರಿನಲ್ಲಿ ತೆಗೆದ ಈ ಚಿತ್ರವನ್ನು ಇಂದಿನ ಜಾಂಬಿ ಚಿತ್ರಗಳ, ಅಂದರೆ ಸತ್ತವರು ಎದ್ದು ಬಂದು ಬದುಕಿರುವವರನ್ನು ತಿನ್ನುವ ಕಥೆಗಳ, ಮೂಲವೆನ್ನುತ್ತಾರೆ. ಎಲ್ಲೆಡೆ ಪುಕ್ಕಟೆ ಸಿಕ್ಕಿದ್ದರಿಂದಲೇ ಇದಕ್ಕೆ ಇಷ್ಟು ಖ್ಯಾತಿ ಬಂತೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಕುಂಬಳೆ):
ಪುಕ್ಕಟೆಯಾದದ್ದು ನಿಜ. ಬಿಡುಗಡೆಗೆ ಮುನ್ನ ಚಿತ್ರದ ಹೆಸರು ಬದಲಾಯಿಸುವಾಗ, ಹಳೆಯ ಶೀರ್ಷಿಕೆಯೊಂದಿಗಿದ್ದ ಹಕ್ಕುಸ್ವಾಮ್ಯದ ಸೂಚನೆಯನ್ನು ವಿತರಕರು ಹೊಸದರಲ್ಲಿ ಹಾಕದೆ ಬಿಟ್ಟರು. ಅಂದಿನ ಅಮೆರಿಕದ ಕಾನೂನಿನ ಪ್ರಕಾರ ಆ ಒಂದು ಸಾಲು ಇಲ್ಲದ ಚಿತ್ರ ಸಾರ್ವಜನಿಕ ಸೊತ್ತಾಯಿತು. ಆದರೆ ಹಾಗೆ ಪುಕ್ಕಟೆ ಸಿಗುವ ಹಳೆಯ ಚಿತ್ರಗಳು ಎಷ್ಟೋ ಇವೆ, ಅವನ್ನು ಯಾರು ನೋಡುತ್ತಾರೆ? ನನ್ನ ದೃಷ್ಟಿಯಲ್ಲಿ ಕೈಯಲ್ಲಿ ಹಣವಿಲ್ಲದಿದ್ದುದೇ ಈ ಚಿತ್ರಕ್ಕೆ ಒಂದು ರೂಪ ಕೊಟ್ಟಿತು. ಇರುವುದು ಒಂದೇ ಹಳ್ಳಿಮನೆ, ಕಿಟಕಿಗಳಿಗೆ ಬಡಿದ ಹಲಗೆಗಳು, ಹೊರಗಿನ ಸುದ್ದಿಗೆ ರೇಡಿಯೊ ಮತ್ತು ಟಿ.ವಿ. ರಕ್ತವೆಂದು ಬಳಸಿದ್ದು ಚಾಕೊಲೇಟ್ ಸಿರಪ್. ಬಣ್ಣದ ಚಿತ್ರವಾಗಿದ್ದರೆ ಅದರ ಗುಟ್ಟು ಮೊದಲ ನೋಟಕ್ಕೇ ರಟ್ಟಾಗುತ್ತಿತ್ತು. ನಿಧಾನವಾಗಿ ನಡೆದು ಬರುವ ಗುಂಪು, ತಲೆಗೆ ಹೊಡೆದರೆ ಮಾತ್ರ ಸಾಯುವುದು, ಒಳಗೆ ಸಿಕ್ಕಿಬಿದ್ದವರ ಜಗಳ, ಇವೆಲ್ಲ ಮುಂದಿನವರಿಗೆ ಇಲ್ಲಿಂದಲೇ ಸಿಕ್ಕಿದ ಬಂಡವಾಳ.

ಉತ್ತರ 2 (ಮುಳ್ಳೇರಿಯ):
ಈ ಚಿತ್ರದಲ್ಲಿ ‘ಜಾಂಬಿ’ ಎಂಬ ಮಾತೇ ಬರುವುದಿಲ್ಲ. ಹೈಟಿಯ ನಂಬಿಕೆಯ ಜಾಂಬಿಗೆ ಮಂತ್ರ ಹಾಕಿ ದುಡಿಸುವ ಯಜಮಾನನೊಬ್ಬನಿರುತ್ತಾನೆ; ಈ ಚಿತ್ರದಲ್ಲಿ ಸತ್ತೆದ್ದವರಿಗೆ ಹಸಿವಲ್ಲದೆ ಬೇರೆ ಯಜಮಾನನಿಲ್ಲ. ನಾವು ತುಳುವರ ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಹೋದವರ ಆತ್ಮಗಳಿಗೆ, ಎಲೆ ಹಾಕಿ ಬಡಿಸುವಾಗ, ಬರುವವರು ನಮ್ಮ ಮನೆಯವರೇ ಎಂಬ ಧೈರ್ಯವಿರುತ್ತದೆ. ಇಲ್ಲಿ ಸತ್ತೆದ್ದ ಮಗಳಿಗೆ ತಾಯಿಯ ಗುರುತಿಲ್ಲ, ಕರಣೆಯಿಂದ ಇರಿದು ಕೊಲ್ಲುತ್ತಾಳೆ. ನನಗೆ ಹೆದರಿಕೆಯಾದದ್ದು ಅಲ್ಲಿ, ಮಾಂಸ ತಿನ್ನುವ ದೃಶ್ಯದಲ್ಲಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕಪ್ಪುವರ್ಣೀಯ ನಟ ಡ್ವೇನ್ ಜೋನ್ಸ್ ಮಾಡಿದ ಬೆನ್ ಎಂಬ ಪಾತ್ರ ರಾತ್ರಿಯಿಡೀ ಹೋರಾಡಿ ಬದುಕಿ, ಬೆಳಗ್ಗೆ ರಕ್ಷಣೆಗೆ ಬಂದವರದೇ ಗುಂಡಿಗೆ ಬಲಿಯಾದಾಗ, ಮುಂದಿನ ಬೆಂಚಿನಲ್ಲಿದ್ದ ಹಿರಿಯರೊಬ್ಬರು ನನ್ನತ್ತ ತಿರುಗಿ, “ಒಳಗಿರುವುದು ಯಾರೆಂದು ಒಂದು ಸಲ ಕೂಗಿ ಕೇಳಬಾರದಿತ್ತೇ ಮಾರಾಯ್ರೆ?” ಎಂದರು.